ಇಪ್ಪತ್ತು ವರ್ಷದ ಮೇಲೆ ಮತ್ತೆ ಹೊಲಿಗೆ: ಎಲ್ಲಿಂದ ಶುರು ಮಾಡಲಿ?

ಶರಾವತಿ ತೀರ
ಎಲ್ಲರಿಗೂ ನಮಸ್ಕಾರ. ಪಿಯುಸಿ ಮುಗಿದ ಮೇಲೆ ಶಿವಮೊಗ್ಗದಲ್ಲಿ ಸೋದರತ್ತೆ ಮನೆಯಲ್ಲಿದ್ದು ಹೊಲಿಗೆ ಕ್ಲಾಸಿಗೆ ಹೋಗಿದ್ದೆ. ಫ್ರಾಕು, ಲಂಗ, ಸಾದಾ ಬ್ಲೌಸ್ ತನಕ ಚೆನ್ನಾಗಿಯೇ ಬರುತ್ತಿತ್ತು. ಮದುವೆಯಾಗಿ ಹೊಸನಗರ ತಾಲ್ಲೂಕಿಗೆ ಬಂದ ಮೇಲೆ ತೋಟ, ಕೊಟ್ಟಿಗೆ, ಮಕ್ಕಳು ಅಂತ ಮಷೀನು ಮೂಲೆ ಸೇರಿತು. ಇಪ್ಪತ್ತು ವರ್ಷದ ಮೇಲಾಗಿದೆ. ಈಗ ಮಕ್ಕಳಿಬ್ಬರೂ ಊರಲ್ಲಿಲ್ಲ. ಮಧ್ಯಾಹ್ನದ ಹೊತ್ತು ನನ್ನದೇ. ಮತ್ತೆ ಹೊಲಿಯಬೇಕು ಅಂತ ತುಂಬಾ ಆಸೆಯಾಗಿದೆ. ದೀಪಾವಳಿಗೆ ನಾನೇ ಹೊಲಿದ ಬ್ಲೌಸ್ ಹಾಕಿಕೊಳ್ಳಬೇಕು ಅಂತ ಮನಸ್ಸು.

ತೊಂದರೆ ಇಷ್ಟು. ಕಾಲಲ್ಲಿ ತುಳಿಯುವ ಕರಿ ಉಷಾ ಮಷೀನು ಇದೆ, ಚಕ್ರ ಅಲ್ಲಾಡುತ್ತಿಲ್ಲ. ಕಟಿಂಗ್ ಲೆಕ್ಕ ಪೂರ್ತಿ ಮರೆತಿದೆ, ಆಗಿನ ನೋಟ್‌ಬುಕ್ಕು ಗೆದ್ದಲು ಹಿಡಿದು ಹೋಯಿತು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ಮಗಳು ಕರೆಂಟಿನ ಹೊಸ ಮಷೀನು ಕೊಡಿಸುತ್ತೇನೆ ಅನ್ನುತ್ತಾಳೆ. ಹಳೇದನ್ನೇ ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ? ಮೊದಲು ಏನು ಹೊಲಿಯಲಿ? ಬಲ್ಲವರು ಹೇಳಿ.

ದುರ್ಗಿಗುಡಿ
ಹೊಸದು ತಗೊಳ್ಳಿ ಅಕ್ಕ. ಅಂಚು ಎಳೆ ಬಿಡದ ಹಾಗೆ ಹಾಕುವ ಜಿಗ್‌ಜ್ಯಾಗ್ ಹೊಲಿಗೆ, ಕಾಜ ಎಲ್ಲ ಅದರಲ್ಲೇ ಬರುತ್ತದೆ. ಮಗಳು ಕೊಡಿಸುತ್ತೇನೆ ಅಂದಾಗ ಬೇಡ ಅನ್ನಬಾರದು.

ಆಗುಂಬೆ ಮಳೆ
@ದುರ್ಗಿಗುಡಿ, ನೀವು ಪೇಟೆಯಲ್ಲಿದ್ದೀರಿ, ಹಾಗಾಗಿ ಹೇಳುತ್ತೀರಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕೇಳುವ ಹಾಗಿಲ್ಲ. ತುಳಿಯುವ ಮಷೀನಿಗೆ ಆ ಗೋಳು ಇಲ್ಲ. ಕಿಟಕಿ ಪಕ್ಕ ಇಟ್ಟುಕೊಂಡರೆ ಸಾಕು.

ದುರ್ಗಿಗುಡಿ
ಕಿಟಕಿ ಪಕ್ಕ ಇಟ್ಟರೆ ಇರಚಲು ಹೊಡೆದು ಇನ್ನಷ್ಟು ತುಕ್ಕು ಹಿಡಿಯುತ್ತದೆ ಅಲ್ವಾ?

ಆಗುಂಬೆ ಮಳೆ
ಕಿಟಕಿ ಹಾಕಿಕೊಂಡು ಹೊಲಿಯಬೇಕು ಮಾರಾಯ್ರೆ. ಗಾಜು ಇರುವುದು ಅದಕ್ಕೇ.

ತೀರ್ಥಹಳ್ಳಿ ಟೈಲರ್
ಶರಾವತಿ ತೀರ ಅವರೇ, ಚಕ್ರ ತಿರುಗದಿದ್ದರೆ ಮಷೀನು ಹಾಳಾಗಿದೆ ಅಂತ ಅರ್ಥ ಅಲ್ಲ. ನಮ್ಮದು ತಂದೆಯ ಕಾಲದ ಅಂಗಡಿ, ಇಂಥ ಮಷೀನು ಪ್ರತಿ ವರ್ಷ ಬರುತ್ತವೆ. ಬಾಡಿ ಬೀಡು ಕಬ್ಬಿಣದ್ದು, ಒಳಗಿನ ಭಾಗ ಉಕ್ಕಿನವು. ಹಳೇ ಎಣ್ಣೆ ಒಣಗಿ ಅಂಟಾಗಿ ಹಿಡಿದುಕೊಂಡಿರುತ್ತದೆ, ಅಷ್ಟೇ. ಬಲ ಹಾಕಿ ತಿರುಗಿಸಬೇಡಿ.

ಮೊದಲು ಬೆಲ್ಟ್ ಬಿಚ್ಚಿ. ಆಗ ಹಿಡಿದಿರುವುದು ಮೇಲಿನ ಮಷೀನೋ ಕೆಳಗಿನ ಪೆಡಲೋ ಗೊತ್ತಾಗುತ್ತದೆ. ಆಮೇಲೆ ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ) ತೆಗೆದು, ಅದರ ಹಿಂದಿನ ಕೊಕ್ಕೆಯಂಥ ಶಟಲ್ ಬಿಚ್ಚಿ ನೋಡಿ. ಅಲ್ಲಿ ದಾರದ ತುಂಡು ಸುತ್ತಿಕೊಂಡು ಗಂಟಾಗಿರುತ್ತದೆ. ಅದೊಂದನ್ನು ಚಿಮಟದಲ್ಲಿ ಎಳೆದು ತೆಗೆದರೆ ಎಷ್ಟೋ ಮಷೀನು ತಿರುಗಿಬಿಡುತ್ತವೆ. ಸೂಜಿ ಕೆಳಗಿನ ತಗಡು ಬಿಚ್ಚಿ ಹಲ್ಲುಗಳ ಮಧ್ಯದ ಹಿಂಜನ್ನೂ ಹಳೇ ಬ್ರಷ್‌ನಿಂದ ತೆಗೆಯಿರಿ.

ಆಮೇಲೆ ಎಲ್ಲೆಲ್ಲಿ ಎಣ್ಣೆ ತೂತು ಇದೆಯೋ ಅಲ್ಲೆಲ್ಲ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿ ಇಡಿ. ಬೆಳಿಗ್ಗೆ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಸಡಿಲ ಆದ ಮೇಲೆ ಸೀಮೆಎಣ್ಣೆ ಒರೆಸಿ ಮಷೀನ್ ಎಣ್ಣೆ ಹಾಕಿ. ಸೀಮೆಎಣ್ಣೆ ಅಂಟನ್ನು ಕರಗಿಸುತ್ತದೆ, ಆದರೆ ನುಣುಪು ಕೊಡುವುದಿಲ್ಲ. ಅದನ್ನೇ ಬಿಟ್ಟು ಓಡಿಸಿದರೆ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ.

ಕಾಫಿಕಣಿವೆ
ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಸಾರ್? ನಾನು ಬರೀ ಮಷೀನ್ ಎಣ್ಣೆಯನ್ನೇ ಹಾಕುತ್ತಾ ಹೋದೆ. ಹಾಕುವುದು, ಅಲ್ಲಾಡಿಸುವುದು, ಕರಿ ಎಣ್ಣೆ ಹೊರಗೆ ಬಂದರೆ ಒರೆಸುವುದು. ನಿಧಾನ ಆಯಿತು, ಆದರೆ ಬಿಟ್ಟುಕೊಂಡಿತು.

ತೀರ್ಥಹಳ್ಳಿ ಟೈಲರ್
ಅದೂ ಆಗುತ್ತದೆ. ತಾಳ್ಮೆ ಬೇಕು ಅಷ್ಟೇ.

ಕೆಂಪುಗುಂಡಿ
ಕೊಬ್ಬರಿ ಎಣ್ಣೆ ಹಾಕಬಹುದಾ? ನಮ್ಮ ಪಕ್ಕದ ಮನೆಯವರು ಅದನ್ನೇ ಹಾಕುತ್ತಾರೆ.

ತೀರ್ಥಹಳ್ಳಿ ಟೈಲರ್
ಬೇಡವೇ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ನಮ್ಮೂರ ಡಿಸೆಂಬರ್ ಚಳಿಯಲ್ಲಿ ಮಷೀನು ಬೆಳಿಗ್ಗೆ ಏಳುವುದೇ ಇಲ್ಲ. ಬೇರೆ ಅಡುಗೆ ಎಣ್ಣೆಗಳು ಗಾಳಿಗೆ ಅಂಟಾಗುತ್ತವೆ. ರಿಪೇರಿಗೆ ಬರುವ ಮಷೀನುಗಳಲ್ಲಿ ಬಹಳಷ್ಟು ಈ ಕಾರಣಕ್ಕೇ ಬರುತ್ತವೆ. ಹೊಲಿಗೆ ಮಷೀನಿನ ಎಣ್ಣೆ ಅಂತಲೇ ತೆಳ್ಳಗೆ ನೀರಿನ ಬಣ್ಣದ್ದು ಸಿಗುತ್ತದೆ. ಅದೇ ಹಾಕಿ.

ಸಾಗರದ ಸೊಸೆ
ಮಷೀನಿನ ವಿಷಯ ಟೈಲರ್ ಸಾರ್ ಹೇಳಿದ್ದಾರೆ. ನಾನು ಹೊಲಿಗೆ ವಿಷಯ ಹೇಳುತ್ತೇನೆ. ಹೊಲಿಗೆ ಅಂದರೆ ಸೈಕಲ್ ಇದ್ದ ಹಾಗೆ, ಒಮ್ಮೆ ಬಂದರೆ ಮರೆಯುವುದಿಲ್ಲ. ಧೈರ್ಯವಾಗಿ ಬ್ಲೌಸಿಗೇ ಕೈ ಹಾಕಿ. ಸರಿಯಾಗಿ ಕೂರುವ ಹಳೇ ಅಳತೆ ಬ್ಲೌಸ್ ಒಂದನ್ನು ಇಟ್ಟುಕೊಂಡು ಅದರ ಮೇಲೇ ಗುರುತು ಹಾಕಿ ಕತ್ತರಿಸಿ. ಲೆಕ್ಕ ಗಿಕ್ಕ ಏನೂ ಬೇಡ.

ಸೊರಬದ ಸೂಜಿ
@ಸಾಗರದ ಸೊಸೆ, ಇದನ್ನು ನಾನು ಒಪ್ಪುವುದಿಲ್ಲ. ತುಳಿಯುವುದು ಮರೆಯುವುದಿಲ್ಲ, ಸರಿ. ನೇರ ಹೊಲಿಗೆಯೂ ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಆದರೆ ಕಟಿಂಗ್ ಮರೆತೇ ಹೋಗಿರುತ್ತದೆ. ಬ್ಲೌಸಿನಲ್ಲಿ ತಲೆನೋವು ಇರುವುದು ಹೊಲಿಗೆಯಲ್ಲಲ್ಲ, ಕಂಕುಳ ಸುತ್ತು, ಟಕ್ಸು (ಎದೆಯ ಆಕಾರಕ್ಕೆ ಹಿಡಿಯುವ ಮಡಿಕೆ), ತೋಳಿನಲ್ಲಿ. ಹತ್ತಾರು ವರ್ಷ ಬಿಟ್ಟವರು ಮೊದಲ ವಾರವೇ ಬ್ಲೌಸಿಗೆ ಕೈ ಹಾಕಿ, ಅದು ಕೂರದೆ, ಬೇಸರ ಬಂದು ಮಷೀನಿಗೆ ಮತ್ತೆ ಬಟ್ಟೆ ಮುಚ್ಚಿಬಿಡುತ್ತಾರೆ. ನಾನು ಹೇಳಿಕೊಡುವ ಹೆಂಗಸರಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ದಿಂಬಿನ ಕವರು. ಆಮೇಲೆ ಆರು ಪೀಸಿನ ಒಳಲಂಗ. ಒಳಲಂಗ ಸಣ್ಣದು ಅಂದುಕೊಳ್ಳಬೇಡಿ. ಓರೆ ಕಟಿಂಗ್ ಇದೆ, ಉದ್ದನೆ ಹೊಲಿಗೆ ಇದೆ, ಲಾಡಿ ಪಟ್ಟಿ ಇದೆ, ಕೆಳಗೆ ಮಡಿಕೆ ಇದೆ. ಒಂದು ಲಂಗ ಮುಗಿಯುವ ಹೊತ್ತಿಗೆ ಕೈ, ಕಾಲು, ಕಣ್ಣು ಮೂರೂ ಒಟ್ಟಿಗೆ ಓಡಲು ಶುರುವಾಗಿರುತ್ತದೆ.

ಸಾಗರದ ಸೊಸೆ
ದಿಂಬಿನ ಕವರು ಹೊಲಿಯುತ್ತಾ ಕೂತರೆ ಯಾರಿಗೆ ಉತ್ಸಾಹ ಬರುತ್ತದೆ? ಅವರಿಗೆ ಬೇಕಿರುವುದು ಬ್ಲೌಸ್. ಆಸೆ ಇದ್ದದ್ದನ್ನು ಹೊಲಿದರೇ ಕೈ ಬರುವುದು.

ಸೊರಬದ ಸೂಜಿ
ದೀಪಾವಳಿಗೆ ಇನ್ನೂ ತಿಂಗಳುಗಟ್ಟಲೆ ಇದೆ. ದಿಂಬಿನ ಕವರಿಗೆ ಒಂದು ಮಧ್ಯಾಹ್ನ, ಲಂಗಕ್ಕೆ ಒಂದು ವಾರ. ಅದರಿಂದ ಬ್ಲೌಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ಭದ್ರಾವತಿ ಹುಡುಗ
ಇಬ್ಬರ ಮಾತೂ ಸರಿ ಅನ್ನಿಸುತ್ತದೆ.

ಸಾಗರದ ಸೊಸೆ
ಹಾಗೆ ಅಂದರೆ ಹೇಗೆ ತಮ್ಮಾ, ಒಂದು ಕಡೆ ನಿಲ್ಲು.

ಮಾಚೇನಹಳ್ಳಿ ಲೈನ್
ನಾನು ಗಾರ್ಮೆಂಟ್ಸ್‌ನಲ್ಲಿ ಇದ್ದವಳು. ನನ್ನ ಅನುಭವ ಬೇರೆ ಥರ. ಅಲ್ಲಿ ನಮಗೆ ಒಂದೇ ಕೆಲಸ. ನನ್ನದು ಕಾಲರ್ ಕೂರಿಸುವುದು. ಪಕ್ಕದವಳದ್ದು ಪಟ್ಟಿ, ಅದರಾಚೆಯವಳದ್ದು ಜೇಬು. ಪವರ್ ಮಷೀನು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಓಡುತ್ತದೆ. ಕಣ್ಣು ಮುಚ್ಚಿ ಕಾಲರ್ ಕೂರಿಸುತ್ತಿದ್ದೆ. ಆದರೆ ಒಂದು ಅಂಗಿಯನ್ನು ಮೊದಲಿನಿಂದ ಕೊನೆತನಕ ಕತ್ತರಿಸಿ ಹೊಲಿ ಅಂದರೆ ಬರುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕಲಿತೆ.

ಹಾಗಾಗಿ ಸೊರಬದ ಅಕ್ಕ ಹೇಳಿದ್ದೇ ನನ್ನ ಮಾತು. ಹೊಲಿಗೆ ಬೇರೆ, ಕಟಿಂಗ್ ಬೇರೆ. ಇನ್ನೊಂದು ವಿಷಯ, ತುಳಿಯುವ ಮಷೀನಿನಲ್ಲಿ ಶುರುವಿನಲ್ಲಿ ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಗುತ್ತದೆ. ಅದಕ್ಕೆ ಮೊದಲು ದಾರ ಹಾಕದೆ ಗೆರೆ ಎಳೆದ ಕಾಗದದ ಮೇಲೆ ಓಡಿಸಿ. ಬಲಗೈಯಲ್ಲಿ ಚಕ್ರವನ್ನು ನಮ್ಮ ಕಡೆಗೆ ಎಳೆದು, ಅದು ತಿರುಗಲು ಶುರುವಾದ ಮೇಲೆ ಕಾಲು ಕೊಡಬೇಕು. ಗೆರೆಯ ಮೇಲೆ ತೂತು ಸಾಲಾಗಿ ಬೀಳತೊಡಗಿದರೆ ಬಟ್ಟೆಗೆ ಬರಬಹುದು. ಕಾಗದ ಹೊಲಿದ ಸೂಜಿ ಮೊಂಡಾಗುತ್ತದೆ, ಅದನ್ನು ಬದಲಿಸಿ.

ಶರಾವತಿ ತೀರ
ಎಷ್ಟೊಂದು ಜನ ಉತ್ತರ ಕೊಟ್ಟಿದ್ದೀರಿ, ತುಂಬಾ ಖುಷಿಯಾಯಿತು. ಟೈಲರ್ ಸಾರ್ ಹೇಳಿದ ಹಾಗೇ ಬೆಲ್ಟ್ ಬಿಚ್ಚಿದೆ. ಪೆಡಲ್ ಆರಾಮಾಗಿ ಅಲ್ಲಾಡಿತು, ಹಿಡಿದಿದ್ದು ಮೇಲಿನದೇ. ಶಟಲ್ ಹಿಂದೆ ಗುಲಾಬಿ ದಾರದ ಗಂಟು! ಮಗಳು ಚಿಕ್ಕವಳಿದ್ದಾಗ ಹೊಲಿದ ಫ್ರಾಕಿನದು, ಬಣ್ಣ ಇನ್ನೂ ಹಾಗೇ ಇದೆ. ಎಣ್ಣೆ ಬಿಟ್ಟು ರಾತ್ರಿ ಇಟ್ಟಿದ್ದೆ. ಬೆಳಿಗ್ಗೆ ಚಕ್ರ ತಿರುಗಿತು. ನಮ್ಮವರನ್ನು ತೋಟದಿಂದ ಕರೆದು ತೋರಿಸಿದೆ.

ಈಗ ಬೇರೆ ಸಮಸ್ಯೆ. ಬಟ್ಟೆಯ ಮೇಲ್ಭಾಗ ಹೊಲಿಗೆ ಚೆಂದ ಕಾಣುತ್ತದೆ, ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬರುತ್ತಿದೆ. ಬಾಬಿನ್ ಕೇಸಿನ ತಿರುಪು ಬಿಗಿ ಮಾಡಲಾ?

ಕಾಫಿಕಣಿವೆ
ಬಾಬಿನ್ ತಿರುಪು ಮುಟ್ಟಬೇಡಿ!

ತೀರ್ಥಹಳ್ಳಿ ಟೈಲರ್
ಹೌದು, ಮುಟ್ಟಬೇಡಿ. ಅಡಿಯಲ್ಲಿ ಕುಣಿಕೆ ಬಂದರೆ ತೊಂದರೆ ಇರುವುದು ಮೇಲಿನ ದಾರದಲ್ಲಿ. ಎಲ್ಲರೂ ಕೆಳಗೆ ಕಂಡಿತು ಅಂತ ಕೆಳಗಿನದನ್ನೇ ತಿರುಗಿಸುತ್ತಾರೆ. ಮೇಲಿನ ದಾರ ಸಡಿಲ ಇದ್ದರೆ ಕೆಳಗಿನ ದಾರ ಅದನ್ನು ಅಡಿಗೆ ಎಳೆದುಕೊಳ್ಳುತ್ತದೆ. ಕುಣಿಕೆ ಮೇಲೆ ಕಂಡರೆ ಆಗ ಬಾಬಿನ್ ಕಡೆ ನೋಡಬೇಕು.

ಬಟ್ಟೆ ಒತ್ತಿ ಹಿಡಿಯುವ ಫುಟ್ ಎತ್ತಿ ಇಟ್ಟುಕೊಂಡು ದಾರವನ್ನು ಮೊದಲಿನಿಂದ ಹಾಕಿ. ಫುಟ್ ಮೇಲಿದ್ದಾಗ ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳು ಬಿಚ್ಚಿಕೊಂಡಿರುತ್ತವೆ, ದಾರ ಸರಿಯಾಗಿ ನಡುವೆ ಹೋಗಿ ಕೂರುತ್ತದೆ. ಕೆಳಗಿದ್ದಾಗ ಹಾಕಿದರೆ ಬಿಲ್ಲೆಯ ಹೊರಗೇ ನಿಲ್ಲುತ್ತದೆ. ಬಿಲ್ಲೆ ಮಧ್ಯೆ ಕಸ, ತುಕ್ಕು ಇದ್ದರೂ ಹೀಗೇ ಆಗುತ್ತದೆ. ಒಂದು ತೆಳು ಬಟ್ಟೆಯ ಅಂಚನ್ನು ಅದರೊಳಗೆ ತೂರಿಸಿ ಹಿಂದೆ ಮುಂದೆ ಎಳೆಯಿರಿ.

ಸೂಜಿ ಹಳೇದೇ ಇದೆಯಾ? ತೆಗೆದು ಬಿಸಾಡಿ. ಹತ್ತಿ ಬಟ್ಟೆಗೆ 14ನೇ ನಂಬರ್ ಸಾಕು. ಪ್ಯಾಕೆಟ್ ಮೇಲೆ 90/14 ಅಂತ ಇರುತ್ತದೆ, 90 ಅಂದರೆ ಸೂಜಿ 0.9 ಮಿಲಿಮೀಟರ್ ದಪ್ಪ ಅಂತ. ತೆಳು ವಾಯಿಲ್‌ಗೆ 11, ದಪ್ಪ ಬಟ್ಟೆಗೆ 16. ಸೂಜಿಯ ಒಂದು ಕಡೆ ಉದ್ದಕ್ಕೆ ಗೀರು ಇರುತ್ತದೆ, ಉಗುರಿಗೆ ಸಿಗುತ್ತದೆ. ದಾರವನ್ನು ಆ ಗೀರಿನ ಕಡೆಯಿಂದಲೇ ಪೋಣಿಸಬೇಕು.

ಕೆಂಪುಗುಂಡಿ
ಗೀರಿನ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು. ಧನ್ಯವಾದ ಸಾರ್.

ಶರಾವತಿ ತೀರ
ಸರಿಹೋಯಿತು! ಬಿಲ್ಲೆ ಮಧ್ಯೆ ಹಳೇ ದಾರದ ಎಳೆ ಸಿಕ್ಕಿಕೊಂಡಿತ್ತು. ಆದರೆ ನನ್ನ ಹತ್ತಿರ ಇರುವ ಹಳೇ ರೀಲಿನ ದಾರ ಪದೇ ಪದೇ ತುಂಡಾಗುತ್ತಿದೆ.

ಸೊರಬದ ಸೂಜಿ
ಹತ್ತಿ ದಾರ ಆಗಿದ್ದರೆ ಅಷ್ಟು ವರ್ಷಕ್ಕೆ ಸತ್ವ ಹೋಗಿರುತ್ತದೆ, ಅದೂ ನಮ್ಮ ಥಂಡಿಯಲ್ಲಿ. ಒಂದು ಮೊಳ ಬಿಚ್ಚಿ ಎರಡು ಕೈಯಲ್ಲಿ ಎಳೆದು ನೋಡಿ. ಟಪ್ ಅಂತ ಹರಿದರೆ ಕಚ್ಚಾ ಹೊಲಿಗೆಗೆ ಇಟ್ಟುಕೊಳ್ಳಿ. ಮಷೀನಿಗೆ ಹೊಸ ಪಾಲಿಯೆಸ್ಟರ್ ದಾರ ತನ್ನಿ.

ಗಾಜನೂರು ಗಾಳಿ
ಕಣ್ಣಿನ ವಿಷಯಕ್ಕೆ ಯಾರೂ ಉತ್ತರ ಕೊಟ್ಟೇ ಇಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಕಾಣದಿರುವುದು ಎಲ್ಲರಿಗೂ ಬರುವಂಥದ್ದೇ. ಕನ್ನಡಕ ಪರೀಕ್ಷೆ ಮಾಡಿಸುವಾಗ ಹೊಲಿಗೆ ಮಾಡುತ್ತೇನೆ ಅಂತ ಹೇಳಿ, ಸೂಜಿ ಎಷ್ಟು ದೂರದಲ್ಲಿರುತ್ತದೆ ಅಂತ ಕೈಯಲ್ಲಿ ತೋರಿಸಿ. ಪುಸ್ತಕ ಓದುವ ದೂರವೂ ಸೂಜಿಯ ದೂರವೂ ಒಂದೇ ಅಲ್ಲ. ಸೂಜಿಯ ಹಿಂದೆ ಬಿಳಿ ಕಾಗದದ ಚೂರು ಹಿಡಿದರೆ ಸೂಜಿಯ ಕಣ್ಣು ಎದ್ದು ಕಾಣುತ್ತದೆ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ. ಮಷೀನಿನ ತಲೆಗೆ ಅಂಟಿಸುವ ಸಣ್ಣ ಎಲ್‌ಇಡಿ ದೀಪ ಸಿಗುತ್ತದೆ, ಅದನ್ನು ಖಂಡಿತ ತರಿಸಿ. ನಮ್ಮ ಮನೆಗಳಲ್ಲಿ ಮಳೆಗಾಲದ ಮಧ್ಯಾಹ್ನ ಎರಡು ಗಂಟೆಗೇ ಸಂಜೆಯಷ್ಟು ಕತ್ತಲು.

ಭದ್ರಾವತಿ ಹುಡುಗ
ನಾನೂ ಒಂದು ಕೇಳಲಾ? ನನಗೆ ನನ್ನ ಅಂಗಿ ನಾನೇ ಹೊಲಿಯಬೇಕು ಅಂತ ಇದೆ. ಶಾಲೆಯಲ್ಲಿ ಹೊಲಿಗೆ ಪೀರಿಯಡ್‌ನಲ್ಲಿ ಹೆಮ್ಮಿಂಗ್ ಕಲಿಸಿದ್ದರು, ಅಷ್ಟೇ ಗೊತ್ತು. ಗೆಳೆಯರು ಇದೆಲ್ಲ ಹೆಂಗಸರ ಕೆಲಸ ಅನ್ನುತ್ತಾರೆ.

ತೀರ್ಥಹಳ್ಳಿ ಟೈಲರ್
ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತ ಒಂದು ಸುತ್ತು ಹಾಕಿ ಬಾ. ಎಷ್ಟು ಗಂಡಸರು ಮಷೀನಿನ ಮುಂದೆ ಕೂತಿದ್ದಾರೆ ನೋಡು. ನಮ್ಮ ತಂದೆ ಇದರಲ್ಲೇ ನಮ್ಮನ್ನೆಲ್ಲ ಓದಿಸಿದರು.

ಮಾಚೇನಹಳ್ಳಿ ಲೈನ್
ಅಂಗಿಗೆ ಮುಂಚೆ ಒಂದು ಚಡ್ಡಿ ಹೊಲಿ ತಮ್ಮಾ, ಎಲಾಸ್ಟಿಕ್ ಹಾಕಿದ್ದು. ನಾಲ್ಕೇ ಪೀಸು. ಆಮೇಲೆ ಕಾಲರ್ ಇಲ್ಲದ ಜುಬ್ಬ. ಕಾಲರ್ ಕೊನೆಗೆ. ಅಷ್ಟು ಹೊತ್ತಿಗೆ ಇಲ್ಲಿ ಕೇಳು, ನಾನು ಹೇಳಿಕೊಡುತ್ತೇನೆ.

ದುರ್ಗಿಗುಡಿ
ಟೈಲರ್‌ಗಳ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಾನು ಬ್ಲೌಸ್ ಕೊಡುವ ಕಡೆ ಮದುವೆ ಸೀಸನ್ನಿನಲ್ಲಿ ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ತಿಂಗಳು ಓಡಾಡಿಸುತ್ತಾರೆ. ಕೊನೆಗೆ ಹಿಂದಿನ ರಾತ್ರಿ ಕೊಡುತ್ತಾರೆ. ಹಾಕಿ ನೋಡಲೂ ಟೈಮ್ ಇರುವುದಿಲ್ಲ. ಅದಕ್ಕೇ ಈ ಚರ್ಚೆ ಓದುತ್ತಾ ನನಗೂ ಕಲಿಯಬೇಕು ಅನ್ನಿಸುತ್ತಿದೆ.

ತೀರ್ಥಹಳ್ಳಿ ಟೈಲರ್
ನಮ್ಮ ಕಡೆಯದೂ ಕೇಳಿ. ಏಪ್ರಿಲ್, ಮೇ ಬಂತು ಅಂದರೆ ಎಲ್ಲರ ಮದುವೆ, ಎಲ್ಲರ ಉಪನಯನ ಒಂದೇ ವಾರ. ಸಾಗರದ ಮಾರಿಕಾಂಬಾ ಜಾತ್ರೆ ಇದ್ದ ವರ್ಷ ಅಂತೂ ಮುಗಿಯಿತು. ಲೈನಿಂಗ್ ಬ್ಲೌಸಿಗೆ ಅರ್ಧ ದಿನ ಹೋಗುತ್ತದೆ. ಕೈಕೆಲಸಕ್ಕೆ ಜನ ಸಿಗುವುದಿಲ್ಲ. ಮೊದಲೇ ಕೊಟ್ಟರೆ ಮೊದಲೇ ಕೊಡುತ್ತೇವೆ.

ದುರ್ಗಿಗುಡಿ
ಅದೂ ನಿಜ.

ಸಾಗರದ ಸೊಸೆ
ಮತ್ತೆ ವಿಷಯಕ್ಕೆ ಬರೋಣ. ನನ್ನ ಅಳತೆ ಬ್ಲೌಸ್ ಮಾತನ್ನು ಯಾರೂ ಗಣನೆಗೇ ತಗೊಂಡಿಲ್ಲ. ನಮ್ಮ ಕಡೆ ಹೆಂಗಸರು ಹಾಗೇ ಕತ್ತರಿಸುತ್ತಾ ಬಂದವರು. ಟೇಪು, ಲೆಕ್ಕ ಆಮೇಲೆ ಬಂದದ್ದು.

ಸೊರಬದ ಸೂಜಿ
ತಗೊಂಡಿದ್ದೇವೆ ಅಕ್ಕ. ಆದರೆ ಯಾವ ಅಳತೆ ಬ್ಲೌಸು? ಇವರ ಹತ್ತಿರ ಚೆನ್ನಾಗಿ ಕೂರುತ್ತಿದ್ದದ್ದು ಅಂತ ಇರುವುದು ಹಳೆಯ ಕಾಲದ್ದು. ಮೈ ಹಾಗೇ ಇರುವುದಿಲ್ಲ ಅಲ್ವಾ? ಎದೆ ಸುತ್ತು ಒಂದೇ ಬದಲಾಗುವುದಲ್ಲ. ಭುಜ ಇಳಿಯುತ್ತದೆ, ರಟ್ಟೆ ದಪ್ಪವಾಗುತ್ತದೆ, ಎದೆಯ ತುದಿ ಕೆಳಗೆ ಬರುತ್ತದೆ. ಟಕ್ಸು ಹಳೇ ಜಾಗದಲ್ಲೇ ಹಾಕಿದರೆ ಎದೆ ಸುತ್ತು ಸರಿ ಇದ್ದರೂ ಬ್ಲೌಸ್ ಕೂರುವುದಿಲ್ಲ. ಹೊಸದಾಗಿ ಅಳತೆ ತಗೊಳ್ಳಲೇಬೇಕು, ಅದೂ ಬೇರೆಯವರ ಕೈಲಿ, ದಿನಾ ಹಾಕುವ ಒಳಬಟ್ಟೆ ಹಾಕಿಕೊಂಡು. ಟೇಪಿನ ಕೆಳಗೆ ಎರಡು ಬೆರಳು ಆಡಬೇಕು.

ಲೆಕ್ಕ ಹೆದರುವಂಥದ್ದೇನಲ್ಲ. ಎದೆ ಸುತ್ತು 36 ಅಂದರೆ ನಾಲ್ಕನೇ ಒಂದು ಭಾಗ 9 ಇಂಚು. ಸಡಿಲಕ್ಕೆ ಅರ್ಧ ಇಂಚು. ಪಕ್ಕದ ಹೊಲಿಗೆಗೂ ಮುಂದೆ ಬಿಚ್ಚಿ ದೊಡ್ಡದು ಮಾಡಲಿಕ್ಕೂ ಸೇರಿ ಒಂದೂವರೆ ಇಂಚು ಬಿಡಿ. ಒಟ್ಟು 11. ಹಿಂದಿನ ಭಾಗಕ್ಕೆ ಇಷ್ಟು. ಮುಂದಿನ ಭಾಗಕ್ಕೆ ಟಕ್ಸು ಎಷ್ಟು ಹಿಡಿಯುತ್ತೀರೋ ಅಷ್ಟು, ಹುಕ್ಕುಪಟ್ಟಿಗೆ ಎಷ್ಟು ಬೇಕೋ ಅಷ್ಟು ಸೇರಿಸಿಕೊಳ್ಳಿ.

ಸಾಗರದ ಸೊಸೆ
ಸರಿ, ಈಗ ಕೂರುವ ಬ್ಲೌಸ್ ಒಂದಾದರೂ ಇದ್ದೇ ಇರುತ್ತದೆ. ಟೈಲರ್ ಹೊಲಿದದ್ದು. ಅದನ್ನು ಇಟ್ಟುಕೊಳ್ಳಲಿ.

ಸೊರಬದ ಸೂಜಿ
ಅದಕ್ಕೆ ನನ್ನ ತಕರಾರಿಲ್ಲ. ಅಳತೆ ತಗೊಂಡು, ಅದನ್ನು ಆ ಬ್ಲೌಸಿನ ಜೊತೆ ತಾಳೆ ನೋಡಿದರೆ ಇನ್ನೂ ಒಳ್ಳೆಯದು. ಆದರೆ ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೇ ಪಂಚೆಯಲ್ಲಿ ಒಂದು ಹೊಲಿದು ನೋಡಲೇಬೇಕು. ಮಷೀನಿನ ಹೊಲಿಗೆ ಅತಿ ಉದ್ದಕ್ಕೆ ಇಟ್ಟುಕೊಂಡು ಹೊಲಿದರೆ ಬಿಚ್ಚಲೂ ಸುಲಭ. ಹಾಕಿಕೊಂಡು ಎಲ್ಲಿ ಎಳೆಯುತ್ತದೆ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿ, ಬಿಚ್ಚಿ, ಆ ತುಂಡುಗಳನ್ನೇ ಪೇಪರಿಗೆ ಇಳಿಸಿ ಇಟ್ಟುಕೊಳ್ಳಿ.

ಕಾಫಿಕಣಿವೆ
ಪಂಚೆಯಲ್ಲಿ ಹೊಲಿದು ನೋಡುವುದು ತುಂಬಾ ಒಳ್ಳೆ ಸಲಹೆ.

ಶರಾವತಿ ತೀರ
ಒಳಲಂಗದಿಂದಲೇ ಶುರು ಮಾಡುತ್ತೇನೆ ಅಂತ ತೀರ್ಮಾನ ಮಾಡಿದೆ. ಸಾಗರದ ಅಕ್ಕ ಬೇಜಾರು ಮಾಡಿಕೊಳ್ಳಬೇಡಿ. ಬಟ್ಟೆ ನೆನೆಸಿ ಒಣಗಿಸಿಯೇ ಕತ್ತರಿಸಬೇಕಾ? ಈ ಮಳೆಯಲ್ಲಿ ಏನೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದರೆ ಹೊಗೆ ವಾಸನೆ.

ಸಾಗರದ ಸೊಸೆ
ಬೇಜಾರು ಎಂತದ್ದು ಮಾರಾಯ್ತಿ! ಹೊಲಿದು ಫೋಟೋ ಹಾಕಿ. ಬಟ್ಟೆ ಖಂಡಿತ ನೆನೆಸಿ. ಹತ್ತಿ ಬಟ್ಟೆ ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರ್ ಕುಗ್ಗುವುದು ಮಾಮೂಲು. ಲಂಗವಾದರೆ ನಡೆದುಹೋಗುತ್ತದೆ, ಬ್ಲೌಸಿನಲ್ಲಿ ನಡೆಯುವುದಿಲ್ಲ. ಲೈನಿಂಗನ್ನೂ ಬೇರೆಯಾಗಿ ನೆನೆಸಬೇಕು. ಎರಡೂ ಬೇರೆ ಬೇರೆ ಥರ ಕುಗ್ಗಿದರೆ ಒಗೆದ ಮೇಲೆ ಒಳಗೆ ಸುಕ್ಕು ಬರುತ್ತದೆ. ಅರ್ಧ ಒಣಗಿದ ಮೇಲೆ ಇಸ್ತ್ರಿ ಹಾಕಿಯೇ ಒಣಗಿಸಿ, ಹೊಗೆಯ ಹತ್ತಿರ ಬೇಡ.

ಆಗುಂಬೆ ಮಳೆ
ಇಸ್ತ್ರಿಗೆ ಕರೆಂಟು ಬೇಕಲ್ಲ. :)

ಸಾಗರದ ಸೊಸೆ
ಕೆಂಡದ ಇಸ್ತ್ರಿಪೆಟ್ಟಿಗೆ ಅಟ್ಟದ ಮೇಲೆ ಇರುತ್ತದೆ, ಇಳಿಸಲಿ.

ಗಾಜನೂರು ಗಾಳಿ
ಬಟ್ಟೆ ಮಾತಿಗೆ ಒಂದು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘದವರು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಅಡಿಕೆ ಬೇಯಿಸಿ ಉಳಿದ ಚೊಗರಿನ ಬಣ್ಣವೂ ಇದೆ. ಅಡಿಕೆ ಬೇಯಿಸುವ ಮನೆಯವರಿಗೆ ಚೊಗರಿನ ಕಲೆ ಎಂಥದ್ದು ಅಂತ ಹೇಳಬೇಕಾಗಿಲ್ಲ. ಒಗೆದು ಒಗೆದು ಕೈ ನೋಯುತ್ತದೆ, ಹೋಗುವುದಿಲ್ಲ. ಅದನ್ನೇ ಬಣ್ಣ ಮಾಡಿದ್ದಾರೆ ಅನ್ನುವುದು ನನಗೆ ಬಹಳ ಇಷ್ಟ.

ಆದರೆ ಕೈಮಗ್ಗದ ಬಟ್ಟೆ ಮೊದಲಿಗೇ ಬೇಡ. ನೇಯ್ಗೆ ಸಡಿಲ ಇರುವುದರಿಂದ ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ. ಮೊದಲು ಒತ್ತು ನೇಯ್ಗೆಯ ಪಾಪ್ಲಿನ್, ಆಮೇಲೆ ಬ್ಲೌಸಿನ ಟೂ ಬೈ ಟೂ ಬಟ್ಟೆ, ಆಮೇಲೆ ಕೈಮಗ್ಗ. ರೇಷ್ಮೆ, ಜಾರ್ಜೆಟ್ ಈ ವರ್ಷ ಮುಟ್ಟಲೇಬೇಡಿ, ಕತ್ತರಿ ಕೆಳಗೆ ಜಾರುತ್ತವೆ.

ಕೆಂಪುಗುಂಡಿ
ವಿಷಯ ಬಿಟ್ಟು ಒಂದು ಪ್ರಶ್ನೆ. ನಮ್ಮಜ್ಜಿಯ ಸಿಂಗರ್ ಮಷೀನಿನ ಸೀರಿಯಲ್ ನಂಬರಿನ ಮುಂದೆ ಇಂಗ್ಲಿಷಿನ ವೈ ಅಕ್ಷರ ಇದೆ. ಎಷ್ಟು ಹಳೇದು ಇರಬಹುದು?

ಕಾಫಿಕಣಿವೆ
ವೈ ಇದ್ದರೆ ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಮಾರಬೇಡಿ.

ಕೆಂಪುಗುಂಡಿ
ಮಾರುವ ಮಾತೇ ಇಲ್ಲ. ಅಜ್ಜಿ ಇನ್ನೂ ಅದರಲ್ಲೇ ಕೌದಿ ಹೊಲಿಯುತ್ತಾರೆ.

ಭದ್ರಾವತಿ ಹುಡುಗ
ಹೊಲಿಗೆ ಕಲಿಯುವವರಿಗೆ ಸರ್ಕಾರ ದುಡ್ಡು ಕೊಡುತ್ತದಂತೆ, ವಿಶ್ವಕರ್ಮ ಯೋಜನೆಯಲ್ಲಿ. ಮಷೀನಿಗೆ 15,000 ರೂಪಾಯಿ. ಅಕ್ಕ ಅದಕ್ಕೆ ಅರ್ಜಿ ಹಾಕಬಹುದಲ್ಲ?

ಗಾಜನೂರು ಗಾಳಿ
ಅದು ಕಲಿಯುವವರಿಗಲ್ಲ, ಈಗಾಗಲೇ ಅದೇ ಕಸುಬಿನಲ್ಲಿ ದುಡಿಯುತ್ತಿರುವವರಿಗೆ. ಪಿಎಂ ವಿಶ್ವಕರ್ಮ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000. ದುಡಿಯುವವರ ಪಾಲನ್ನು ಹವ್ಯಾಸದವರು ತಗೊಳ್ಳುವುದು ಸರಿಯಲ್ಲ.

ಹೊಸದಾಗಿ ಕಲಿತು ದುಡಿಯಬೇಕು ಅನ್ನುವವರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಆಮೇಲೆ ದೇಶದ ತುಂಬ ಬಂದವು. ಊಟ, ವಸತಿ ಸಹಿತ ಉಚಿತ. ವಯಸ್ಸಿನ ಮಿತಿ ಇರುತ್ತದೆ, ಹೋಗಿ ವಿಚಾರಿಸಿ.

ಮಾಚೇನಹಳ್ಳಿ ಲೈನ್
ಉಪಯೋಗದ ಮಾಹಿತಿ. ನನ್ನ ತಂಗಿಗೆ ಕಳಿಸಿದೆ.

ಶರಾವತಿ ತೀರ
ಲಂಗ ಮುಗಿಯಿತು! ಆರು ಪೀಸು, ಲಾಡಿ ಹಾಕಿ ಉಟ್ಟುಕೊಂಡೂ ಆಯಿತು. ಒಂದು ಪೀಸು ನೇರ, ಪಕ್ಕದ್ದು ತಲೆಕೆಳಗು ಇಟ್ಟು ಕತ್ತರಿಸಿದ್ದರಿಂದ ಎರಡು ಮೀಟರಿನಲ್ಲಿ ಚೂರು ಬಟ್ಟೆ ಉಳಿಯಿತು ಕೂಡ. ಪೀಸು ಜೋಡಿಸುವಾಗ ಕೈ ತಾನಾಗೇ ಓಡಿತು. ಸೊರಬದ ಸೂಜಿ ಅವರಿಗೆ ವಿಶೇಷ ಧನ್ಯವಾದ.

ಇನ್ನು ಬ್ಲೌಸಿಗೆ ಎರಡು ಸಂಶಯ. ನನ್ನ ಮಷೀನಿನಲ್ಲಿ ಜಿಗ್‌ಜ್ಯಾಗ್ ಇಲ್ಲ, ಒಳಗಿನ ಅಂಚು ಎಳೆ ಬಿಡದ ಹಾಗೆ ಏನು ಮಾಡಲಿ? ತೋಳಿನ ಕಟಿಂಗ್ ಸರಿಯಾಗಿ ನೆನಪಾಗುತ್ತಿಲ್ಲ.

ದುರ್ಗಿಗುಡಿ
ಅಭಿನಂದನೆ ಅಕ್ಕ! ಜಿಗ್‌ಜ್ಯಾಗಿಗೆ ಅಂತ ಹೊಸ ಮಷೀನು ತಗೊಳ್ಳಿ ಅಂತ ಇನ್ನೊಮ್ಮೆ ಹೇಳುವುದಿಲ್ಲ.

ಮಾಚೇನಹಳ್ಳಿ ಲೈನ್
ಲೈನಿಂಗ್ ಬ್ಲೌಸ್ ಆದರೆ ಭುಜದ ಹೊಲಿಗೆಯನ್ನು ಒಳಗೆ ಮುಚ್ಚಿಬಿಡಬಹುದು. ಲೈನಿಂಗ್ ಇಲ್ಲದ್ದಕ್ಕೆ ಹೀಗೆ ಮಾಡಿ. ಮೊದಲು ಒಳಮುಖಕ್ಕೆ ಒಳಮುಖ ಸೇರಿಸಿ ಕಾಲು ಇಂಚಿನಲ್ಲಿ ಹೊಲಿಯಿರಿ. ಅಂಚನ್ನು ಸಣ್ಣಗೆ ಕತ್ತರಿಸಿ. ಬಟ್ಟೆ ಮಗುಚಿ, ಆ ಅಂಚು ಒಳಗೆ ಮುಚ್ಚಿಹೋಗುವ ಹಾಗೆ ಇನ್ನೊಂದು ಹೊಲಿಗೆ ಹಾಕಿ. ಎಳೆಯೆಲ್ಲ ಒಳಗೇ ಉಳಿಯುತ್ತದೆ. ಲಂಗಕ್ಕೆ, ನೈಟಿಗೆ, ದಿಂಬಿನ ಕವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಬ್ಲೌಸಿನ ಕಂಕುಳಿಗೆ ಮಾತ್ರ ಬೇಡ, ದಪ್ಪವಾಗಿ ಚುಚ್ಚುತ್ತದೆ. ಅಲ್ಲಿ ಕೈಯಲ್ಲೇ ಅಂಚು ಸುತ್ತಿ ಹೊಲಿಯಿರಿ, ಅಥವಾ ಪೇಟೆಗೆ ಹೋದಾಗ ಓವರ್‌ಲಾಕ್ ಮಷೀನಿನಲ್ಲಿ ಅಂಚು ಕಟ್ಟಿಸಿ.

ತೀರ್ಥಹಳ್ಳಿ ಟೈಲರ್
ತೋಳಿಗೆ ಬಟ್ಟೆಯನ್ನು ಜೋಡಿ ಮಡಿಸಿ ಎರಡೂ ತೋಳು ಒಟ್ಟಿಗೇ ಕತ್ತರಿಸಿ. ಮೇಲಿನ ಗುಮ್ಮಟದ ಹಿಂದಿನ ಅರ್ಧಕ್ಕಿಂತ ಮುಂದಿನ ಅರ್ಧ ಸುಮಾರು ಅರ್ಧ ಇಂಚು ಹೆಚ್ಚು ಆಳ ಇರಬೇಕು. ಕೈ ಮುಂದಕ್ಕೆ ಚಾಚುತ್ತೇವಲ್ಲ, ಅಲ್ಲಿ ಬಟ್ಟೆ ಜಾಸ್ತಿ ಇದ್ದರೆ ಮುದ್ದೆಯಾಗುತ್ತದೆ. ಕತ್ತರಿಸಿದ ಕೂಡಲೇ ಮುಂದಿನ ಕಡೆಗೆ ಚಾಕಿನಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಎಡ ಬಲ ಅದಲು ಬದಲಾಗುತ್ತದೆ. ಹೊಲಿಯುವ ಮೊದಲು ತೋಳಿನ ಮೇಲಿನ ಸುತ್ತನ್ನೂ ಬ್ಲೌಸಿನ ಕಂಕುಳ ಸುತ್ತನ್ನೂ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದು ಅಳೆದು ನೋಡಿ. ತೋಳಿನದು ಅರ್ಧ ಇಂಚಿನಷ್ಟು ಜಾಸ್ತಿ ಇದ್ದರೆ ಸರಿ.

ಶರಾವತಿ ತೀರ
ಬರೆದುಕೊಂಡೆ. ಈ ಸಲ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ ನೋಟ್‌ಬುಕ್ಕು. ನಮ್ಮವರ ಹಳೇ ಪಂಚೆ ನೆನೆಸಿಟ್ಟಿದ್ದೇನೆ. ನಾದಿನಿ ಭಾನುವಾರ ಬರುತ್ತಾಳೆ, ಅವಳ ಕೈಲಿ ಅಳತೆ ತೆಗೆಸುತ್ತೇನೆ.

ಸೊರಬದ ಸೂಜಿ
ಅಳತೆ ತೆಗೆಸಿ ಇಲ್ಲಿ ಹಾಕಿ, ಟಕ್ಸು ಎಲ್ಲಿ ಬರಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ. ಭುಜದಿಂದ ಎದೆಯ ತುದಿಗೆ ಎಷ್ಟು, ಎರಡು ತುದಿಗಳ ನಡುವೆ ಎಷ್ಟು, ಇವೆರಡನ್ನೂ ಮರೆಯದೆ ತೆಗೆಸಿ.